ರಾತ್ರಿ ಹೊತ್ತು ಬಾವಿ ಕಾಯ್ದವರಿಗೆ

ನಮ್ಮೂರಿನಲ್ಲಿ ಕಾಲರಾದ ಕೊನೆಯ ರೋಗಿ ಎದ್ದು ಓಡಾಡಿ ಈ ವಾರಕ್ಕೆ ಒಂದು ವರ್ಷವಾಯಿತು. ಆಮೇಲೆ ಯಾರಿಗೂ ಬಂದಿಲ್ಲ. ಅಮ್ಮ ಚೆನ್ನಾಗಿದ್ದಾರೆ. ವಿಚಾರಿಸಿದವರಿಗೆಲ್ಲ ಬೇರೆಬೇರೆಯಾಗಿ ಉತ್ತರ ಕೊಡಲು ಆಗಲೇ ಇಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಆ ದಿನಗಳ ಕತೆ ನಿಮಗೆ ಗೊತ್ತೇ ಇದೆ. ಯಾರ ಮನೆಯಲ್ಲಿ ಮೊದಲು ಶುರುವಾಯಿತು, ಎಷ್ಟು ಜನ ಮಲಗಿದರು, ಯಾರು ಏಳಲೇ ಇಲ್ಲ, ಇದನ್ನೆಲ್ಲ ಮತ್ತೆ ಹೇಳಲ್ಲ. ಹೇಳುವ ಶಕ್ತಿಯೂ ನನಗಿಲ್ಲ.

ಗಾಡಿ ಕೊಟ್ಟ ಗೆಳೆಯರು, ದೂರದಿಂದ ದುಡ್ಡು ಕಳಿಸಿದವರು, ನೀರು ಕಾಯಿಸಿ ಮನೆಮನೆಗೆ ಹೊತ್ತ ಹುಡುಗರು, ತಮ್ಮ ಮನೆಗೆ ಹೋಗದೆ ದುಡಿದ ನರ್ಸುಗಳು, ಸಾವಿನ ಮನೆಗಳಿಗೆ ಹೆದರದೆ ಹೋಗಿ ಕೂತವರು, ನಿಮಗೆಲ್ಲ ಒಂದೇ ಸಾಲಿನಲ್ಲಿ ಕೈ ಮುಗಿಯುತ್ತಿದ್ದೇನೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಉಳಿದ ಜಾಗವೆಲ್ಲ ಒಬ್ಬರಿಗೆ ಬೇಕು.

ಅವರ ಹೆಸರು ಬರೆಯುವ ಹಾಗಿಲ್ಲ. ಬೇಡ ಅಂದಿದ್ದಾರೆ. ನಾನು ಅಕ್ಕ ಅಂತ ಕರೆಯುತ್ತೇನೆ, ಇಲ್ಲೂ ಹಾಗೇ ಕರೆಯುತ್ತೇನೆ.

ಕಾಯಿಲೆ ಬರುವುದಕ್ಕೆ ಸ್ವಲ್ಪ ಮುಂಚೆ ಅಕ್ಕ ನಮ್ಮೂರಿಗೆ ಬಂದರು. ಒಬ್ಬರೇ. ಊರಾಚೆಯ ಖಾಲಿ ಮನೆ ಹಿಡಿದರು. ಮಾತು ನಮ್ಮದೇ, ಆದರೆ ಎಳೆಯುವ ರೀತಿ ಬೇರೆ. ಏನು ಕೆಲಸ ಅಂತ ಯಾರಾದರೂ ಕೇಳಿದರೆ "ಮಾಡ್ತಿದ್ದೆ, ಈಗ ಬಿಟ್ಟಿದ್ದೀನಿ" ಅನ್ನುತ್ತಿದ್ದರು. ಅಷ್ಟು ಸಾಕಾಯಿತು ಜನಕ್ಕೆ. ಬೇರೆ ಕಡೆ ಕಾಲರಾ ಶಿಬಿರಗಳಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು ಅಂತ ನಮಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ.

ಮೊದಲ ಎರಡು ಮನೆಗಳಲ್ಲಿ ವಾಂತಿ ಭೇದಿ ಶುರುವಾದಾಗಲೇ ಅಕ್ಕ ಹಿರಿಯರ ಹತ್ತಿರ ಹೋಗಿ ನೇರವಾಗಿ ಹೇಳಿದರು. ಬಾವಿ ನೀರು ಕೆಟ್ಟಿದೆ, ಕಾಯಿಸಿ ಕುಡಿಯಿರಿ, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕೋಣ ಅಂದರು. ಮಾರನೇ ದಿನ ಹಗ್ಗಕ್ಕೆ ಕಲ್ಲು ಕಟ್ಟಿ, ಎಲ್ಲರ ಎದುರಿಗೇ ಬಾವಿಗೆ ಇಳಿಬಿಟ್ಟು ನೀರಿನ ಆಳ ಅಳೆದರು. ಹಾಕುವ ಪುಡಿಯ ಲೆಕ್ಕ ಹಿಡಿಯಬೇಕಾದರೆ ಎಷ್ಟು ನೀರಿದೆ ಅಂತ ಗೊತ್ತಿರಬೇಕಲ್ವಾ? ಆದರೆ ನೋಡಿದವರ ಕಣ್ಣಿಗೆ ಕಂಡಿದ್ದೇ ಬೇರೆ. ಎಲ್ಲಿಂದಲೋ ಬಂದ ಹೆಂಗಸು, ಬಾವಿಗೆ ಹಗ್ಗ ಬಿಡುತ್ತಾಳೆ, ಮನೆಯಲ್ಲಿ ಮುಚ್ಚಿದ ಡಬ್ಬಿ ಇಟ್ಟಿದ್ದಾಳೆ, ಅದು ಘಾಟು ವಾಸನೆ ಬರುತ್ತದೆ, ಅವಳು ಬಂದ ಮೇಲೆಯೇ ಕಾಯಿಲೆ ಬಂತು. ಹೆದರಿದ ಊರಿಗೆ ಇಷ್ಟು ಸಿಕ್ಕರೆ ಮಿಕ್ಕಿದ್ದನ್ನು ತಾನೇ ಸೇರಿಸಿಕೊಳ್ಳುತ್ತದೆ. ಬಾವಿ ಹತ್ತಿರ ಕಾಣಿಸಿಕೊಂಡರೆ ಸುಮ್ಮನಿರಲ್ಲ ಅಂತ ಅವರಿಗೆ ಹೇಳಿ ಕಳಿಸಿದರು.

ನಮ್ಮೂರಿನವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಈ ಭಯ ನಮ್ಮೂರಿನದೊಂದೇ ಅಲ್ಲ. 1831ರಲ್ಲಿ ಹಂಗೆರಿಯಲ್ಲಿ ಕಾಲರಾ ಬಂದಾಗ ಅಧಿಕಾರಿಗಳು ಬಾವಿಗಳಿಗೆ ಇಂಥದ್ದೇ ಕ್ಲೋರಿನ್ ಸುಣ್ಣ ಹಾಕಿಸಿದರು. ತಮ್ಮನ್ನು ಕೊಲ್ಲಲು ಜಮೀನುದಾರರು ವಿಷ ಹಾಕಿಸುತ್ತಿದ್ದಾರೆ ಅಂತ ರೈತರು ದಂಗೆ ಎದ್ದರು. ಕಾಪಾಡಬೇಕಾದ ಪುಡಿಯೇ ವಿಷವಾಗಿ ಕಂಡಿತ್ತು. ಇದನ್ನು ನನಗೆ ಹೇಳಿದ್ದು ಅಕ್ಕನೇ. ಹೇಳುವಾಗ ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ಅವರಿಗೆ ಆ ಪುಡಿ ಏನು ಅಂತ ಯಾರೂ ಕೂತು ಹೇಳಿರಲ್ಲ, ಪಾಪ" ಅಂದರು.

ಈಗ ಆ ರಾತ್ರಿಯ ವಿಷಯ. ಇದನ್ನು ಹೇಳದೆ ನನ್ನ ಥ್ಯಾಂಕ್ಸ್‌ಗೆ ಅರ್ಥವಿಲ್ಲ.

ಸಂಜೆಯಿಂದ ಅಮ್ಮನಿಗೆ ವಾಂತಿ ಭೇದಿ ನಿಂತಿರಲಿಲ್ಲ. ಕಾಲರಾ ಜೋರಾದಾಗ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಮೈಯಿಂದ ಹೋಗಬಹುದಂತೆ. ಅದನ್ನು ಓದಿ ತಿಳಿಯುವುದು ಬೇರೆ, ಕಣ್ಣೆದುರು ನೋಡುವುದು ಬೇರೆ. ಕತ್ತಲಾಗುವಷ್ಟರಲ್ಲಿ ಅಮ್ಮನ ಕಣ್ಣು ಒಳಗೆ ಹೋಗಿತ್ತು. ಕೈಮೇಲಿನ ಚರ್ಮ ಹಿಡಿದೆತ್ತಿದರೆ ಹಾಗೇ ನಿಲ್ಲುತ್ತಿತ್ತು. ದನಿ ಬಿದ್ದುಹೋಗಿತ್ತು. ಹೊರಗೆ ಮಳೆ. ಸೇತುವೆ ಮೇಲೆ ನೀರು. ಬೆಳಗಿನವರೆಗೂ ಗಾಡಿ ದಾಟಲ್ಲ ಅಂತ ಹೇಳಿ ಹೋದರು. ನಾನು, ತಮ್ಮ, ಬಾಗಿಲಲ್ಲಿ ನಾಲ್ಕಾರು ಜನ. ಎಲ್ಲರೂ ಅಮ್ಮನ ಬಗ್ಗೆ ಆಗಲೇ ಇಲ್ಲದವರ ಬಗ್ಗೆ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಆ ಪಿಸುದನಿ ನನಗೆ ಇವತ್ತಿಗೂ ಕೇಳಿಸುತ್ತದೆ.

ಆಗ ಅಕ್ಕ ಬಂದರು. ಬಾಗಿಲಲ್ಲಿದ್ದವರು ಒಳಗೆ ಬಿಡಲಿಲ್ಲ.

ಅವರು ಜಗಳ ಆಡಲಿಲ್ಲ. ಕಿಟಕಿ ಹತ್ತಿರ ಬಂದು ನನ್ನನ್ನು ಕರೆದರು. "ನಾನು ಒಳಗೆ ಬರಲ್ಲ. ಯಾರನ್ನೂ ಮುಟ್ಟಲ್ಲ. ನೀನೇ ಕುಡಿಸು, ನಾನು ಇಲ್ಲಿ ಕೂತು ಹೇಳ್ತೀನಿ" ಅಂದರು. ಜಗುಲಿಯ ಮೇಲೆ ಕೂತರು. ಮಳೆ ಎರಚಲು ಪೂರ್ತಿ ಅವರ ಮೇಲೆ.

ಕಾಯಿಸಿ ಆರಿಸಿದ ನೀರು ಒಂದು ಲೀಟರ್. ಸಕ್ಕರೆ ತಲೆ ಸವರಿದ 6 ಟೀ ಚಮಚ. ಉಪ್ಪು ಅರ್ಧ ಟೀ ಚಮಚ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಒಳ್ಳೆಯದು, ಆ ಹೊತ್ತಿಗೆ ನಮ್ಮ ಮನೆಯಲ್ಲಿ ಇರಲಿಲ್ಲ. "ಒಂದು ಚಮಚ ಕೊಡು. ನುಂಗಲಿ. ಇನ್ನೊಂದು." ಅಮ್ಮ ವಾಂತಿ ಮಾಡಿದರೆ ನಾನು ಕೈಚೆಲ್ಲಿ ಕೂರುತ್ತಿದ್ದೆ. ಕಿಟಕಿಯಿಂದ ಅದೇ ದನಿ ಬರುತ್ತಿತ್ತು. "ಪರವಾಗಿಲ್ಲ. ಹತ್ತು ನಿಮಿಷ ಬಿಡು. ಆಮೇಲೆ ಮತ್ತೆ ಶುರು ಮಾಡು, ಇನ್ನೂ ನಿಧಾನಕ್ಕೆ." ಭೇದಿ ಆಗುತ್ತಲೇ ಇದೆ, ಕುಡಿಸಿ ಏನು ಪ್ರಯೋಜನ ಅಂತ ಯಾರೋ ಹಿಂದಿನಿಂದ ಅಂದರು. ಅಕ್ಕ ಅವರಿಗೂ ಸಮಾಧಾನದಿಂದಲೇ ಉತ್ತರ ಕೊಟ್ಟರು. ಕರುಳಿನಲ್ಲಿ ಸಕ್ಕರೆ ಒಳಗೆ ಹೋಗುವಾಗ ಉಪ್ಪನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಕಾಲರಾ ಇದ್ದರೂ ಆ ದಾರಿ ಮುಚ್ಚುವುದಿಲ್ಲ. ಹೋಗುವಷ್ಟು ನೀರು ವಾಪಸ್ ಹಾಕುತ್ತಿದ್ದರೆ ಜೀವ ನಿಲ್ಲುತ್ತದೆ, ಡ್ರಿಪ್ ಸಿಗುವವರೆಗೆ ತಡೆದುಕೊಳ್ಳಬಹುದು.

ಆ ರಾತ್ರಿ ಅವರು ಇನ್ನೊಂದು ಮಾತು ಹೇಳಿದರು. 1971ರಲ್ಲಿ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ಮಧ್ಯೆ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಿತ್ತು. ಡಾಕ್ಟರ್ ದಿಲೀಪ್ ಮಹಾಲನಬೀಸ್ ಇದೇ ಉಪ್ಪು ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಇಟ್ಟರು. ಕುಡಿಸಿದ್ದು ರೋಗಿಗಳ ಮನೆಯವರೇ. 100ಕ್ಕೆ ಸುಮಾರು 30 ಜನ ಸಾಯುತ್ತಿದ್ದ ಕಡೆ ಸಾವು 4ಕ್ಕಿಂತ ಕೆಳಗೆ ಇಳಿಯಿತು. "ಅಲ್ಲೂ ಮಕ್ಕಳೇ ತಾಯಂದಿರಿಗೆ ಕುಡಿಸಿದ್ದು. ನಿನ್ನ ಕೈಲೂ ಆಗುತ್ತೆ" ಅಂದರು. ನನ್ನ ಕೈ ನಡುಗುವುದು ನಿಂತಿದ್ದು ಆಗಲೇ.

ನಡುರಾತ್ರಿ ಕಳೆದ ಮೇಲೆ ಅಕ್ಕ ಎದ್ದರು. "ಒಂದು ಗಂಟೆಯೊಳಗೆ ಬರ್ತೀನಿ, ನಿಲ್ಲಿಸಬೇಡ" ಅಂತ ಹೇಳಿ ಹೋದರು. ಅವರೂ ಬಿಟ್ಟು ಹೋದರು ಅನ್ನಿಸಿ ನಾನು ಅತ್ತೆ. ಚಮಚ ಮಾತ್ರ ನಿಲ್ಲಿಸಲಿಲ್ಲ. ಅವರು ವಾಪಸ್ ಬಂದಾಗ ಪೂರ್ತಿ ನೆನೆದಿದ್ದರು. ಕಿಟಕಿಯ ಸರಳು ಹಿಡಿದ ಕೈಯಿಂದ ಘಾಟು ವಾಸನೆ ಬರುತ್ತಿತ್ತು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಸುಕಿನಲ್ಲಿ ಅಮ್ಮನಿಗೆ ಮೂತ್ರ ಬಂತು. ಮೈಯಲ್ಲಿ ನೀರು ನಿಲ್ಲುತ್ತಿದೆ ಅನ್ನುವುದಕ್ಕೆ ಅದೇ ಗುರುತು, ಕಾಯುತ್ತಿರು ಅಂತ ಅಕ್ಕ ಮೊದಲೇ ಹೇಳಿದ್ದರು. ನಾನು ಕಿಟಕಿಗೆ ಓಡಿ ಹೋಗಿ ಕೂಗಿ ಹೇಳಿದೆ. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಷ್ಟೊಂದು ರಾತ್ರಿಗಳನ್ನು ಕಂಡವರೂ ಅಳುತ್ತಾರೆ.

ನೀರು ಇಳಿದ ಮೇಲೆ ಗಾಡಿ ಬಂತು. ಆರೋಗ್ಯ ಕೇಂದ್ರದಲ್ಲಿ ಡ್ರಿಪ್ ಹಾಕಿದರು. ಅಲ್ಲಿಂದ ಮುಂದಿನದು ನಿಮಗೆ ಗೊತ್ತು.

ಆ ಘಾಟು ವಾಸನೆ ಏನು ಅಂತ ನನಗೆ ತಿಳಿದಿದ್ದು ನೀರು ಪರೀಕ್ಷೆ ಮಾಡುವವರು ಊರಿಗೆ ಬಂದ ದಿನ. ಬಾವಿ ನೀರನ್ನು ಸಣ್ಣ ಗಾಜಿನ ಕೊಳವೆಗೆ ತುಂಬಿ ಎರಡು ಹನಿ ಔಷಧಿ ಬಿಟ್ಟರು. ನೀರು ಹಳದಿಯಾಯಿತು. "ಕ್ಲೋರಿನ್ ಸರಿಯಾಗಿದೆಯಲ್ಲ, ದಿನಾ ಯಾರು ಹಾಕ್ತಿದ್ದೀರಿ?" ಅಂತ ಕೇಳಿದರು. ನೆರೆದಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ಬಾವಿ ಪಕ್ಕದ ಮನೆಯ ಅಜ್ಜಿ ಮಾತ್ರ ತಲೆ ತಗ್ಗಿಸಿ ನಿಂತಿದ್ದರು. ಅವರು ಪ್ರತಿ ರಾತ್ರಿ ನೋಡಿದ್ದರು, ಒಬ್ಬರಿಗೂ ಹೇಳಿರಲಿಲ್ಲ. ಅಜ್ಜಿ, ಹೇಳದೆ ಉಳಿದಿದ್ದಕ್ಕೆ ನಿಮಗೂ ನಾನು ಋಣಿ.

ಕೇಳಿದ ಮೇಲೆ ಅಕ್ಕ ಎಲ್ಲ ಹೇಳಿದರು, ಆದರೆ ಈಗ ಬೇಡ ಅಂದರು. ಈ ವರ್ಷ ಒಪ್ಪಿದ್ದಾರೆ. ಹಾಗಾಗಿ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತೇನೆ. ದಿನಾ ರಾತ್ರಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದವರು ಅಕ್ಕನೇ. ರಾತ್ರಿಯೇ ಹಾಕಬೇಕಾದ ಕಾರಣ ಹೆದರಿಕೆ ಒಂದೇ ಆಗಿರಲಿಲ್ಲ. ಎಲ್ಲರೂ ನೀರು ಸೇದಿ ಮುಗಿಸಿದ ಮೇಲೆ ಹಾಕುವುದೇ ಸರಿಯಾದ ಕ್ರಮ. ಹಾಕಿದ ಮೇಲೆ ಒಂದು ಗಂಟೆಯಾದರೂ ಬಾವಿ ಮುಟ್ಟಬಾರದು, ಔಷಧಿ ಕೆಲಸ ಮಾಡಲು ಅಷ್ಟು ಹೊತ್ತು ಬೇಕು. 1,000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಹೆಚ್ಚುಕಡಿಮೆ 28,000 ಲೀಟರ್, ಅಂದರೆ 70 ಗ್ರಾಂ ಪುಡಿ. ಅಷ್ಟೇ. ಅದನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿಯಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ನೀರಿನೊಳಗೆ ಇಳಿಸಿ ಹಗ್ಗ ಅಲ್ಲಾಡಿಸಬೇಕು. ಗಾಳಿ, ತೇವ ತಾಗಿದರೆ ಪುಡಿಯ ಶಕ್ತಿ ಹೋಗುತ್ತದೆ. ಊರು ಹೆದರಿದ ಆ ಮುಚ್ಚಿದ ಡಬ್ಬಿಯ ಗುಟ್ಟು ಇಷ್ಟೇ.

ದಿನಾ ಹಾಕಬೇಕಿತ್ತು. ಕಾಲರಾ ತಗುಲಿದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಆದರೂ ಅವರಿಂದ ರೋಗಾಣು ಹೊರಗೆ ಹೋಗುತ್ತಿರುತ್ತದೆ. ಒಂದು ದಿನ ಬಿಟ್ಟರೂ ಬಾವಿ ಮತ್ತೆ ಕೆಡಬಹುದಿತ್ತು. ನನ್ನನ್ನು ಜಾಸ್ತಿ ಕಾಡುವುದು ಅವರು ಶುರು ಮಾಡಿದ ಮೊದಲ ದಿನಗಳು. ಕೆಟ್ಟ ನೀರು ಕುಡಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು 12 ಗಂಟೆಯಿಂದ 5 ದಿನದವರೆಗೂ ಹಿಡಿಯುತ್ತದೆ. ಬಾವಿ ಶುದ್ಧವಾದ ಮೇಲೂ ಜನ ಮಲಗುತ್ತಲೇ ಇದ್ದರು. ಹಗಲು ಹೊತ್ತು ಅವರ ಮನೆಗೆ ಕಲ್ಲು ಬೀಳುತ್ತಿತ್ತು. ಅಲ್ಲಿ ಕೂತು ತಾನು ಮಾಡುತ್ತಿರುವುದು ಕೆಲಸ ಮಾಡುತ್ತಿದೆ ಅಂತ ಯಾರಿಗೂ ತೋರಿಸಲಾಗದೆ, ಕತ್ತಲಾದ ಮೇಲೆ ಮತ್ತೆ ಬಕೆಟ್ ಹಿಡಿದು ಹೋಗಬೇಕಾದರೆ ಎಂಥ ಮನಸ್ಸು ಬೇಕು? ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ಹಂತದಾಚೆ ನನ್ನ ಯೋಚನೆ ಹೋಗುವುದಿಲ್ಲ, ಗಂಟಲು ಕಟ್ಟುತ್ತದೆ.

ಹೇಳದೆ ಕೇಳದೆ ಊರಿನ ಕುಡಿಯುವ ನೀರಿಗೆ ಏನನ್ನಾದರೂ ಹಾಕುವುದು ಸರಿಯಾ ಅಂತ ಕೆಲವರು ಈಗಲೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅಕ್ಕನೂ ಅದು ಸರಿ ಅಂತ ವಾದ ಮಾಡುವುದಿಲ್ಲ. "ಹೇಳಿ ನೋಡಿದೆ. ಒಪ್ಪಲಿ ಅಂತ ಕಾಯ್ತಾ ಕೂತಿದ್ದಾಗ ಇನ್ನೊಂದು ಮಗು ಮಲಗಿತು. ಆಮೇಲೆ ಕಾಯೋಕೆ ಆಗಲಿಲ್ಲ" ಅನ್ನುತ್ತಾರೆ. ಆ ಅಳುಕನ್ನು ಅವರು ಇವತ್ತಿಗೂ ಒಬ್ಬರೇ ಹೊತ್ತುಕೊಂಡಿದ್ದಾರೆ. ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಗುಟ್ಟಾಗಿ ಮಾಡಿದ್ದನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಆ ಗುಟ್ಟು ಅವರ ಆಸೆ ಆಗಿರಲಿಲ್ಲ. ನಮ್ಮೂರು ಅವರಿಗೆ ಉಳಿಸಿದ್ದ ದಾರಿ ಅದೊಂದೇ.

ಈಗ ಸಂಜೆ ಎಲ್ಲರೂ ನೀರು ಸೇದಿದ ಮೇಲೆ ಬೆಳಕಿರುವಾಗಲೇ ಪುಡಿ ಹಾಕುತ್ತೇವೆ. ಸರದಿ ಇದೆ. ಮಕ್ಕಳು ಬಂದು ಹಳದಿ ಬಣ್ಣ ನೋಡುತ್ತಾರೆ. ಅಮ್ಮನ ಸರದಿ ಬಂದಾಗ ಅವರೇ ಬಕೆಟ್ ಹಿಡಿಯುತ್ತಾರೆ, ನನಗೆ ಕೊಡುವುದಿಲ್ಲ.

ಅಕ್ಕ, ಅಮ್ಮನ ಪರವಾಗಿ, ತಮ್ಮನ ಪರವಾಗಿ, ನಿಮ್ಮ ಹೆಸರೂ ಗೊತ್ತಿಲ್ಲದೆ ಆ ನೀರು ಕುಡಿದು ಉಳಿದ ಎಲ್ಲರ ಪರವಾಗಿ ನಿಮಗೆ ನಮಸ್ಕಾರ. ನಮ್ಮ ಮನೆ ಬಾಗಿಲಲ್ಲಿ ನಿಮ್ಮನ್ನು ತಡೆದವರಲ್ಲಿ ಇಬ್ಬರು ಈ ಬರಹದಲ್ಲಿ ತಮ್ಮ ಮಾತೂ ಸೇರಿಸು ಅಂದಿದ್ದಾರೆ. ನಿಮ್ಮ ಹತ್ತಿರ ತಾವೇ ಬಂದು ಹೇಳುತ್ತಾರಂತೆ. ಬಂದಾಗ ಒಳಗೆ ಕರೆಯಿರಿ.

ಇದನ್ನು ಎಲ್ಲರಿಗೂ ಕಳಿಸುವ ಮೊದಲು ಅವರಿಗೆ ಓದಿ ಹೇಳಿದೆ. ತಮ್ಮನ್ನು ಜಾಸ್ತಿ ಹೊಗಳಿದ್ದ ಎರಡು ಸಾಲು ತೆಗೆಸಿದರು. ಆಮೇಲೆ ಪುಡಿಯ ಲೆಕ್ಕ ಇರುವ ಭಾಗವನ್ನು ಇನ್ನೊಂದು ಸಲ ಓದಿಸಿದರು. "1,000 ಲೀಟರಿಗೆ ಅಂತ ಬರೆದಿದ್ದೀಯಾ ತಾನೆ? ಯಾರಾದರೂ ನೋಡಿ ಹಾಕ್ತಾರೆ, ತಪ್ಪಾಗಬಾರದು" ಅಂದರು. ಸರಿಯಾಗೇ ಬರೆದಿದ್ದೇನೆ ಅಕ್ಕ.