ತಿದ್ದುವ ಮುನ್ನ ಓದಬೇಕು

ಮಾನ್ಯ ಸಂಪಾದಕರೇ,

ಕಾಲೇಜಿಗೆ ಬಂದವರಿಗೂ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುವುದಿಲ್ಲವೆಂಬ ದೂರು ಆಗಾಗ ಕೇಳಿಬರುತ್ತದೆ. ಬರವಣಿಗೆಯನ್ನು ಕಲಿಸುವ ನನಗೆ ಈ ದೂರು ಪೂರ್ತಿ ಸುಳ್ಳೆನಿಸುವುದಿಲ್ಲ. ಆದರೆ ಅದನ್ನೆಲ್ಲ ವಿದ್ಯಾರ್ಥಿಯ ತಲೆಗೇ ಕಟ್ಟುವುದು ಸರಿಯಲ್ಲ. ಮನೆಯಲ್ಲಿ ಒಂದು ಭಾಷೆಯನ್ನೂ ಶಾಲೆಯಲ್ಲಿ ಇನ್ನೊಂದನ್ನೂ ಕಂಡವರು, ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರು, ದುಡಿಯುತ್ತಲೇ ಓದುವವರು, ಡಿಸ್ಲೆಕ್ಸಿಯಾದಿಂದಾಗಿ ಓದುಬರಹವೇ ತೊಡಕಾದವರು ಒಂದೇ ತರಗತಿಯಲ್ಲಿ ಕುಳಿತಿರುವಾಗ, ಎಲ್ಲರಿಂದಲೂ ಒಂದೇ ಸಲ ಪ್ರಬಂಧ ಬರೆಸಿ, ಕೆಂಪು ಶಾಯಿಯಲ್ಲಿ ಗೀಟೆಳೆದು, ಅಂಕ ಹಾಕಿ ಹಿಂತಿರುಗಿಸಿದರೆ ಅದು ಪರೀಕ್ಷೆಯಾದೀತೇ ಹೊರತು ಪಾಠವಾಗದು.

‘ಈ ಲೇಖನದಲ್ಲಿ ಲೇಖಕರು ಹೇಳುವುದೇನೆಂದರೆ ನೀರಿನ ಕೊರತೆಗೆ ಮಳೆಯೊಂದೇ ಕಾರಣವಲ್ಲ ಎಂದು ಹೇಳುತ್ತಾರೆ’ ಎಂಬಂಥ ವಾಕ್ಯ ಹೊಸಬರ ಬರಹದಲ್ಲಿ ಸಾಮಾನ್ಯ. ಇದರ ತೊಡಗುವಿಕೆಯೂ ಸರಿ, ಮುಕ್ತಾಯವೂ ಸರಿ; ಎರಡೂ ಒಂದೇ ವಾಕ್ಯದಲ್ಲಿ ಸೇರಿದ್ದಷ್ಟೇ ತಪ್ಪು. ಇನ್ನೊಬ್ಬರ ಅಭಿಪ್ರಾಯವನ್ನು ತನ್ನದರಿಂದ ಬೇರ್ಪಡಿಸಿ ಹೇಳಬೇಕೆಂಬ ಎಚ್ಚರ ಆ ವಿದ್ಯಾರ್ಥಿಯಲ್ಲಿ ಮೂಡಿದೆ, ಕಾಲೇಜಿನ ಬರವಣಿಗೆ ಬೇಡುವುದೂ ಅದನ್ನೇ. ಹಾಗೆಯೇ, ಆಡುಮಾತಿನಲ್ಲಿ ಹಕಾರವಿಲ್ಲದ್ದಕ್ಕೆ ಪದೇ ಪದೇ ಬೈಸಿಕೊಂಡ ಹುಡುಗ ‘ಆದರೆ’ ಎಂಬುದನ್ನೂ ‘ಹಾದರೆ’ ಎಂದು ಬರೆದುಬಿಡುತ್ತಾನೆ. ಅದು ಉಡಾಫೆಯಲ್ಲ, ಅತಿ ಎಚ್ಚರ. (ಉಡಾಫೆಯಿಂದ ಬರೆಯುವವರೂ ಇದ್ದಾರೆ, ಅವರ ತಪ್ಪುಗಳಲ್ಲಿ ಇಂಥ ಕ್ರಮ ಕಾಣುವುದಿಲ್ಲ.)

ಈ ತಿಳಿವಳಿಕೆ ಹೊಸದೇನಲ್ಲ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯವು 1970ರಲ್ಲಿ ನಗರದ ಪ್ರೌಢಶಾಲೆ ಮುಗಿಸಿದವರಿಗೆಲ್ಲ ಪ್ರವೇಶ ತೆರೆದಾಗ, ಅಲ್ಲಿನ ಸಿಟಿ ಕಾಲೇಜಿನಲ್ಲಿ ಬರವಣಿಗೆ ಕಲಿಸುತ್ತಿದ್ದ ಮೀನಾ ಶಾಘ್ನೆಸಿ ಅವರು ಹೊಸ ವಿದ್ಯಾರ್ಥಿಗಳ ಸುಮಾರು 4,000 ಪ್ರಬಂಧಗಳನ್ನು ಅಭ್ಯಾಸ ಮಾಡಿದರು. ದಡ್ಡತನವೆಂದು ತಳ್ಳಿಹಾಕಲಾಗುತ್ತಿದ್ದ ತಪ್ಪುಗಳ ಹಿಂದೆ ವಿದ್ಯಾರ್ಥಿಗಳು ತಾವೇ ಕಟ್ಟಿಕೊಂಡ ನಿಯಮಗಳಿದ್ದವೆಂಬುದನ್ನು ಅವರು 1977ರಲ್ಲಿ ಪುಸ್ತಕವಾಗಿಯೇ ವಿವರಿಸಿದರು. ನಿಯಮ ಗೊತ್ತಾದರೆ ತಿದ್ದುವುದು ಸುಲಭ. ಗೊತ್ತಾಗದಿದ್ದರೆ ಅದೇ ತಪ್ಪನ್ನು ಹತ್ತು ಕಡೆ ಸುತ್ತು ಹಾಕುತ್ತ ಕೂರಬೇಕು.

ಆದ್ದರಿಂದ ಮೊದಲ ಕರಡಿಗೆ ಅಂಕವೇ ಬೇಡ. ಅದರಲ್ಲಿ ವಿದ್ಯಾರ್ಥಿಯ ವಾದವೇನು, ಓದುಗ ಎಲ್ಲಿ ದಾರಿ ತಪ್ಪುತ್ತಾನೆ ಎಂಬ ಎರಡು ಮೂರು ಪ್ರಶ್ನೆಗಳನ್ನು ಮಾತ್ರ ಅಂಚಿನಲ್ಲಿ ಬರೆದು ಕೊಡಬಹುದು. ವ್ಯಾಕರಣದ ಸರದಿ ಎರಡನೆಯ ಕರಡಿನಲ್ಲಿ. ಅಲ್ಲಿಯೂ ಮರುಕಳಿಸುವ ಒಂದೆರಡು ತಪ್ಪುಗಳನ್ನಷ್ಟೇ ಎತ್ತಿಕೊಂಡು, ಅವು ಏಕೆ ಬಂದವೆಂದು ವಿದ್ಯಾರ್ಥಿಯಿಂದಲೇ ಹೇಳಿಸಿದರೆ, ಪುಟವಿಡೀ ತಿದ್ದಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ. ಒಳ್ಳೆಯ ಪ್ರಬಂಧವೆಂದರೆ ಹೇಗಿರಬೇಕೆಂಬುದನ್ನು ಮಾದರಿ ಸಹಿತ ಮೊದಲೇ ತೋರಿಸುವುದೂ ಅಗತ್ಯ. ಓದುವ ವಾತಾವರಣವಿರುವ ಮನೆಗಳಿಂದ ಬಂದವರು ಅದನ್ನು ಯಾರೂ ಹೇಳದೆಯೇ ಅರಿತಿರುತ್ತಾರೆ, ಉಳಿದವರು ಊಹಿಸಬೇಕಾಗುತ್ತದೆ.

ಇದರಿಂದ ಗುಣಮಟ್ಟ ಇಳಿಯುತ್ತದೆಂದು ಹಿರಿಯ ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ವಿದ್ಯಾರ್ಥಿಗಳಿಗೆ ತಮ್ಮ ನುಡಿಯ ಮೇಲೆ ಹಕ್ಕಿದೆಯೆಂದು ಅಮೆರಿಕದ ಬರವಣಿಗೆ ಅಧ್ಯಾಪಕರ ಸಮ್ಮೇಳನವು 1974ರಲ್ಲಿ ನಿರ್ಣಯ ಅಂಗೀಕರಿಸಿದಾಗಲೂ ಇದೇ ಆಕ್ಷೇಪ ಕೇಳಿಬಂದಿತ್ತು. ಆದರೆ ಇಲ್ಲಿ ಕೊನೆಯ ಕರಡಿನ ಅಳತೆಗೋಲನ್ನು ಯಾರೂ ಸಡಿಲಿಸುತ್ತಿಲ್ಲ. ಶಿಷ್ಟ ಬರಹವನ್ನು ಕಲಿಸಲೇಬೇಕು. ಅದಕ್ಕಾಗಿ ಮನೆಮಾತನ್ನು ಹೀಗಳೆಯಬೇಕಾಗಿಲ್ಲ.

ನಿಜವಾದ ಅಡ್ಡಿ ಬೇರೆಯೇ ಇದೆ. ಬರವಣಿಗೆಯ ತರಗತಿಯಲ್ಲಿ 20ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಇರಬಾರದು, 15 ಇದ್ದರೆ ಉತ್ತಮ ಎಂಬುದು ಅದೇ ಸಮ್ಮೇಳನದ ಶಿಫಾರಸು. ಅರವತ್ತು ಎಪ್ಪತ್ತು ಮಂದಿಯ ತರಗತಿಯನ್ನು ಒಬ್ಬರ ಕೈಗೆ ಕೊಟ್ಟು, ಪ್ರತಿಯೊಬ್ಬರ ಕರಡನ್ನೂ ಎರಡು ಬಾರಿ ಓದಿ ಎಂದರೆ ಯಾವ ಅಧ್ಯಾಪಕರಿಂದಲೂ ಆಗದು. ವಿದ್ಯಾರ್ಥಿಗಳ ಬರವಣಿಗೆಯ ಬಗ್ಗೆ ಕಳವಳಪಡುವ ಆಡಳಿತ ಮಂಡಳಿಗಳು ಮುಂದಿನ ವೇಳಾಪಟ್ಟಿ ಸಿದ್ಧಪಡಿಸುವಾಗ ಈ ತರಗತಿಗಳನ್ನಾದರೂ ಚಿಕ್ಕ ತಂಡಗಳಾಗಿ ವಿಂಗಡಿಸಬೇಕು, ಕರಡು ಓದುವ ಗಂಟೆಗಳನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಲೆಕ್ಕಕ್ಕೆ ಹಿಡಿಯಬೇಕು ಎಂದು ಕೋರುತ್ತೇನೆ.

ಇಂತಿ,
ಒಬ್ಬ ಕಾಲೇಜು ಅಧ್ಯಾಪಕಿ