ಪ್ರಿಂಟರ್ ಆಫ್ ಮಾಡಿದರೆ ಸಾಲದು

ಮಾನ್ಯ ಸಂಪಾದಕರೇ,

ತಿಪಟೂರಿನಲ್ಲಿ ಹನ್ನೊಂದು ವರ್ಷದಿಂದ ಝೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಕೊಬ್ಬರಿ ಬೆಂಬಲ ಬೆಲೆಗೆ ನೋಂದಣಿ ಶುರುವಾದರೆ ರೈತರು ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಬೆಳಗಾಗುವ ಮೊದಲೇ ಬಂದು ನಿಂತಿರುತ್ತಾರೆ. ಅಂಥ ದಿನವೊಂದರಲ್ಲಿ ನನ್ನಿಂದ ಆದ ತಪ್ಪನ್ನು ಹೇಳಿಕೊಳ್ಳಲು ಈ ಪತ್ರ. ನನ್ನಂಥ ಅಂಗಡಿಯವರಿಗೂ, ಗ್ರಾಮ ಒನ್ ಕೇಂದ್ರಗಳಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರಿಗೂ ಉಪಯೋಗಕ್ಕೆ ಬಂದೀತು.

ಸಂಜೆ ಒಬ್ಬ ಹಿರಿಯರ ಪಾಸ್‌ಬುಕ್ಕಿನ ಮೊದಲ ಪುಟ ಸ್ಕ್ಯಾನ್ ಮಾಡಿ ಪ್ರಿಂಟ್ ಕೊಟ್ಟೆ. ಹಾಳೆ ಬರಲಿಲ್ಲ. ಮತ್ತೆ ಕೊಟ್ಟೆ, ಇನ್ನೊಮ್ಮೆ ಕೊಟ್ಟೆ. ನೋಡಿದರೆ ರೋಲರ್ ಹತ್ತಿರ ಒಂದು ಹಾಳೆ ಮುದುಡಿಕೊಂಡು ಸಿಕ್ಕಿತ್ತು. ಅದನ್ನು ಎಳೆದು ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. "ಯುಪಿಎಸ್ ಇರೋ ಕಡೆ ಮಾಡಿಸ್ಕೋತೀನಿ ಬಿಡಮ್ಮ" ಎಂದು ಅವರು ಹೊರಟರು. ನಾನೂ ಎಲ್ಲದರ ಸ್ವಿಚ್ ಆಫ್ ಮಾಡಿ ಷಟರ್ ಎಳೆದೆ.

ಮಾರನೇ ದಿನ ಮೊದಲು ಬಂದವಳು ಮಾರ್ಕ್ಸ್ ಕಾರ್ಡ್ ಪ್ರಿಂಟ್ ಬೇಕಾಗಿದ್ದ ಹುಡುಗಿ. ಜೊತೆಗೆ ಅವಳ ಅಪ್ಪ. ಪ್ರಿಂಟರ್ ಆನ್ ಮಾಡಿದ್ದೇ ತಡ, ಒಂದರ ಹಿಂದೆ ಒಂದು ಮೂರು ಬಿಸಿ ಹಾಳೆ ಹೊರಗೆ ಬಂದವು. ಅವಳ ಅಪ್ಪ ಎತ್ತಿಕೊಂಡು ಓದಿಯೇಬಿಟ್ಟರು: "ಇವರು ನಮ್ಮೂರಿನವರೇ ಅಲ್ವಾ?" ಹೆಸರು, ಖಾತೆ ನಂಬರ್, ಫೋನ್ ನಂಬರ್ ಎಲ್ಲ ಅದರಲ್ಲಿತ್ತು. ಒಳ್ಳೆಯ ಮನುಷ್ಯ, ಹಾಳೆಗಳನ್ನು ನನ್ನ ಕೈಗೇ ಕೊಟ್ಟರು. ನನಗೆ ಮಾತ್ರ ಕೈಕಾಲು ತಣ್ಣಗಾಗಿತ್ತು.

ನಾವು ಕೊಟ್ಟ ಪ್ರಿಂಟ್ ಮೊದಲು ಕಂಪ್ಯೂಟರ್ ಡಿಸ್ಕಿನಲ್ಲಿ ಸರದಿಗೆ ನಿಲ್ಲುತ್ತದೆ. ಪ್ರಿಂಟರ್ ಆಫ್ ಮಾಡಿದರೂ, ಕಂಪ್ಯೂಟರ್ ಆಫ್ ಮಾಡಿದರೂ ಅದು ಅಲ್ಲೇ ಇರುತ್ತದೆ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ.

ನಮ್ಮ ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇರುವುದು ಉಬುಂಟು. ಅದರಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವುದು ಕಪ್ಸ್ ಎಂಬ ಸಾಫ್ಟ್‌ವೇರ್, ಮ್ಯಾಕ್ ಕಂಪ್ಯೂಟರಿನಲ್ಲೂ ಅದೇ. ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿ, ತೆಗೆದು 'ಎಲ್‌ಪಿಸ್ಟ್ಯಾಟ್ -ಒ' (lpstat -o) ಎಂದು ಟೈಪ್ ಮಾಡಿದರೆ ಸರದಿಯಲ್ಲಿ ಏನೇನಿದೆ ಎಂದು ತೋರಿಸುತ್ತದೆ. ಪ್ರತಿ ಸಾಲಿನ ಶುರುವಿನಲ್ಲಿ ಪ್ರಿಂಟರ್ ಹೆಸರು, ಒಂದು ನಂಬರ್. ಒಂದೇ ಕೆಲಸ ನಿಲ್ಲಿಸಬೇಕಾದರೆ 'ಕ್ಯಾನ್ಸಲ್' (cancel) ಎಂದು ಬರೆದು, ಪಕ್ಕದಲ್ಲಿ ಆ ಹೆಸರು, ನಂಬರನ್ನು ಅಲ್ಲಿ ತೋರಿಸಿದ ಹಾಗೇ ಟೈಪ್ ಮಾಡಬೇಕು. ಎಲ್ಲವನ್ನೂ ತೆಗೆಯಲು 'ಕ್ಯಾನ್ಸಲ್ -ಎ' (cancel -a). ಅಕ್ಷರಗಳೆಲ್ಲ ಇಂಗ್ಲಿಷಿನ ಚಿಕ್ಕವು. ಇಷ್ಟಕ್ಕೇ ಬಿಡಬೇಡಿ. ಕ್ಯಾನ್ಸಲ್ ಆದ ಫೈಲನ್ನೂ ಕಪ್ಸ್ ಸಾಮಾನ್ಯವಾಗಿ ಒಂದು ದಿನ ಇಟ್ಟುಕೊಂಡಿರುತ್ತದೆ. ಜನರ ದಾಖಲೆ ಇರುವ ಕಡೆ 'ಕ್ಯಾನ್ಸಲ್ -ಎ -ಎಕ್ಸ್' (cancel -a -x) ಎಂದೇ ಕೊಡಿ, ಫೈಲೂ ಹೋಗುತ್ತದೆ. ಪಾಸ್‌ವರ್ಡ್ ಕೇಳಿದರೆ ಕಂಪ್ಯೂಟರಿನದ್ದೇ ಕೊಡಬೇಕು. ಪ್ರಿಂಟರ್ ಆಗಲೇ ಒಳಗೆ ಎಳೆದುಕೊಂಡ ಪುಟ ಮಾತ್ರ ಇದರಿಂದ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಪ್ರಿಂಟರ್ ಆಫ್, ಆಮೇಲೆ ಕ್ಯಾನ್ಸಲ್, ಆಮೇಲೆ ಆನ್.

ವಿಂಡೋಸ್ ಇರುವವರಿಗೆ ಮೌಸಿನಲ್ಲಿ ಕ್ಯಾನ್ಸಲ್ ಒತ್ತಿದರೂ 'ಡಿಲೀಟಿಂಗ್' ಎಂದು ನಿಂತುಬಿಡುವುದು ಗೊತ್ತೇ ಇದೆ. ಆಗ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು 'ನೆಟ್ ಸ್ಟಾಪ್ ಸ್ಪೂಲರ್' (net stop spooler) ಕೊಡಿ, ಸರದಿ ನೋಡಿಕೊಳ್ಳುವ ಸ್ಪೂಲರ್ ನಿಲ್ಲುತ್ತದೆ. ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗಿನ ಪ್ರಿಂಟರ್ಸ್ ಫೋಲ್ಡರ್ ಖಾಲಿ ಮಾಡಿ. ಬೇರೆ ಫೋಲ್ಡರ್ ಮುಟ್ಟಬೇಡಿ. ನಂತರ ಅದನ್ನು ಮತ್ತೆ ಶುರು ಮಾಡಲು 'ನೆಟ್ ಸ್ಟಾರ್ಟ್ ಸ್ಪೂಲರ್' (net start spooler).

ಈಗ ದಿನಾ ಷಟರ್ ಎಳೆಯುವ ಮೊದಲು ಸರದಿ ನೋಡುತ್ತೇನೆ. ಉತ್ತರವೇ ಬರದಿದ್ದರೆ ಖಾಲಿ ಎಂದು ಅರ್ಥ. ಆ ಹಿರಿಯರ ಮನೆಗೆ ಹೋಗಿ ಮೂರೂ ಹಾಳೆ ಕೊಟ್ಟು ಕ್ಷಮೆ ಕೇಳಿ ಬಂದೆ.

ನಾನು ಕಂಪ್ಯೂಟರ್ ಕಲಿತ ಮೂರು ತಿಂಗಳ ಕೋರ್ಸಿನಲ್ಲಿ ಪ್ರಿಂಟ್ ಕೊಡುವುದು ಹೇಳಿಕೊಟ್ಟರು, ನಿಲ್ಲಿಸುವುದು ಹೇಳಿಕೊಡಲಿಲ್ಲ. ತರಬೇತಿ ಕೊಡುವವರು ಇದಕ್ಕೆ ಒಂದರ್ಧ ಗಂಟೆ ಇಡಲಿ ಎಂದು ಕೇಳಿಕೊಳ್ಳುತ್ತೇನೆ.

— ಝೆರಾಕ್ಸ್ ಅಂಗಡಿಯ ಓದುಗರು, ತಿಪಟೂರು