ರಾತ್ರಿ ಡ್ಯೂಟಿ ಮಾಡೋರು ‘ನಿಶಾಚರಿ’ಗಳಾ?

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣೀಲಿ ರಾತ್ರಿ ಕೆಲಸ ಮಾಡೋರ ಬಗ್ಗೆ ಒಂದು ಬರಹ ಬಂದಿತ್ತಲ್ಲ, ಬರಹ ಚೆನ್ನಾಗೇ ಇತ್ತು, ಆದ್ರೆ ‘ನಗರದ ನಿಶಾಚರಿಗಳು’ ಅಂತ ದಪ್ಪಕ್ಷರದಲ್ಲಿ ಹೆಡ್ಡಿಂಗ್ ಹಾಕಿ ಅದರ ಕೆಳಗೇ ಇಬ್ಬರು ನರ್ಸ್‌ಗಳ ಫೋಟೋ ಕೊಟ್ಟಿದ್ದೀರಿ. ನನ್ನ ಸೊಸೆನೂ ಸ್ಟಾಫ್ ನರ್ಸು. ಅವತ್ತು ನೈಟ್ ಮುಗಿಸಿ ಬಂದು ಕಾಫಿ ಕುಡೀತಾ ಪೇಪರ್ ನೋಡಿದವಳು ‘ಏನ್ ಮಾವ, ನಾನೂ ಶೂರ್ಪನಖಿ ವಂಶದವಳಾ’ ಅಂದ್ಲು. ಇಬ್ಬರೂ ನಕ್ಕಿದ್ದಾಯ್ತು, ಆದ್ರೆ ಹೈಸ್ಕೂಲಲ್ಲಿ ಕನ್ನಡ ಪಾಠ ಹೇಳಿದ ಹುಳ ತಲೇಲಿ ಸುಮ್ನಿರಲ್ಲ ನೋಡಿ, ಅದಕ್ಕೇ ಈ ಕಾಗದ.

ನಿಶಾ ಅಂದ್ರೆ ರಾತ್ರಿ, ಚರ ಅಂದ್ರೆ ಓಡಾಡೋದು, ಇಷ್ಟೇ ಆದ್ರೆ ತಪ್ಪೇನಿಲ್ಲ, ಗೂಬೆ ನರಿ ಹಾವು ಎಲ್ಲಕ್ಕೂ ಸಂಸ್ಕೃತದಲ್ಲಿ ನಿಶಾಚರ ಅನ್ನೋ ಹೆಸರಿದೆ. ಆದ್ರೆ ಹರಿಕಥೆ, ಯಕ್ಷಗಾನ ಕೇಳಿ ಬೆಳೆದೋರ ಕಿವಿಗೆ ಅದು ಮೊದಲು ರಾಕ್ಷಸ ಅಂತಲೇ ಬೀಳೋದು. ಸಂಸ್ಕೃತದ ಹಳೇ ನಿಘಂಟು ಅಮರಕೋಶದಲ್ಲೂ ಇದರ ದಾಯಾದಿ ‘ರಾತ್ರಿಚರ’ ಕೂತಿರೋದು ರಾಕ್ಷಸರ ಪಟ್ಟೀಲೇ. ಇನ್ನು ನಿಶಾಚರಿ ಅಂದ್ರೆ ಹೆಣ್ಣು, ಅಲ್ಲಿಗೆ ಇನ್ನೂ ಫಜೀತಿ. ಕಾಳಿದಾಸ ರಘುವಂಶದಲ್ಲಿ ರಾಮನ ಬಾಣ ತಗುಲಿದ ತಾಟಕೀನ ನಿಶಾಚರಿ ಅಂತಾನೆ, ಅದೇ ಉಸಿರಲ್ಲಿ ಮನ್ಮಥನ ಬಾಣ ತಗುಲಿ ರಾತ್ರಿ ನಲ್ಲನ ಮನೆಗೆ ಹೊರಟ ಹೆಣ್ಣು ಅನ್ನೋ ಅರ್ಥಾನೂ ಹೊರಡಿಸ್ತಾನೆ, ಅಲ್ಲಿ ‘ಜೀವಿತೇಶ’ ಅಂದ್ರೆ ಯಮನೂ ಹೌದು ನಲ್ಲನೂ ಹೌದು. ಭಾರೀ ಶ್ಲೇಷೆ, ಒಪ್ಪಿದೆ. ಈಗ ಹೇಳಿ, ಈ ಎರಡು ಅರ್ಥದಲ್ಲಿ ಯಾವುದನ್ನ ನರ್ಸ್ ಫೋಟೋ ಮೇಲೆ ಹಾಕಿದ್ರಿ?

ಸ್ಕೂಲ್ ಪುಸ್ತಕದಲ್ಲಿ ‘ನಿಶಾಚರಿ ಪ್ರಾಣಿಗಳು’ ಅಂತ ಇರುತ್ತಲ್ಲ ಅಂತೀರೇನೋ. ಅದರ ಬಗ್ಗೆ ನನ್ನ ತಕರಾರಿಲ್ಲ. ಬ್ರಹ್ಮಚಾರಿ, ಸಂಚಾರಿ ಥರ ಕೇಳ್ಸುತ್ತೆ ಅಂತ ಜನ ಗಂಡು ಹೆಣ್ಣು ನೋಡದೆ ನಿಶಾಚರಿ ಅಂದುಬಿಟ್ರು, ಕನ್ನಡಕ್ಕೆ ಬಂದ ಮೇಲೆ ಪದ ಕನ್ನಡದವರು ಹೇಳ್ದಂಗೇ ಕೇಳಬೇಕು. ನಮ್ಮ ತುಮಕೂರಿನ ಹತ್ರ ನಾಗವಲ್ಲೀಲಿ ಕಾಡುಪಾಪ ಅನ್ನೋ ಪುಟ್ಟ ಪ್ರಾಣಿಗಳು ಇದಾವೆ, ಹಗಲೆಲ್ಲ ಪೊದೇಲಿ ಮುದುಡಿಕೊಂಡು ಮಲಗಿ ಕತ್ತಲಾದ್ಮೇಲೆ ಹುಳಹುಪ್ಪಟೆ ಹುಡುಕ್ಕೊಂಡು ಹೊರಡ್ತಾವೆ, ಆ ದೊಡ್ಡ ಕಣ್ಣು ಇರೋದೇ ಅದಕ್ಕೆ. ಅದು ನಿಶಾಚರಿ, ಸರಿ. ನನ್ನ ಸೊಸೆ ಕಣ್ಣು ಹಂಗಿಲ್ಲ ಸ್ವಾಮಿ. ವಾರಗಟ್ಟಲೆ ನೈಟ್ ಹಾಕಿದ್ರೆ ಹಗಲು ಪರದೆ ಎಳೆದು ಮಲಗಿದ್ರೂ ತರಕಾರಿ ಗಾಡಿಯವನ ಮೈಕಿಗೆ ಎದ್ದು ಕೂರ್ತಾಳೆ. ಕಾಡುಪಾಪಕ್ಕೆ ರಾತ್ರಿ ಹುಟ್ಟುಗುಣ, ಇವಳಿಗೆ ಸಂಬಳದ ಕೆಲಸ, ಎರಡನ್ನೂ ಒಂದೇ ಪದದಲ್ಲಿ ಕಟ್ಟಿದ್ರೆ ಇವರಿಗೆ ರಾತ್ರಿ ಎಚ್ಚರ ಇರೋದು ಅಭ್ಯಾಸ ಬಿಡಿ ಅಂದಂಗಾಗುತ್ತೆ.

ಜಾಗರಣೆ ಅಂತಲೂ ಬರೀಬೇಡಿ ದಯವಿಟ್ಟು, ಅದು ಶಿವರಾತ್ರಿಗೆ, ಬೇಕು ಅಂತ ಮಾಡೋ ವ್ರತ. ಹಳ್ಳೀಲಿ ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟಾಗ ಬ್ಯಾಟ್ರಿ ಹಿಡ್ಕೊಂಡು ಹಾವು ಗೀವು ನೋಡ್ಕೊಂಡು ತೋಟಕ್ಕೆ ನೀರು ಹಾಯಿಸೋಕೆ ಹೋಗೋ ರೈತ ಜಾಗರಣೆ ಮಾಡ್ತಿದೀನಿ ಅಂತಾನಾ? ‘ನಿದ್ದೆಗೆಡ್ತಿದೀವಿ’ ಅಂತಾನೆ. ಎಂಥಾ ಪದ ನೋಡಿ, ಕೆಲಸಾನೂ ಇದೆ, ಕಳ್ಕೊಂಡಿದ್ದೇನು ಅನ್ನೋದೂ ಇದೆ. ಹೆಡ್ಡಿಂಗ್‌ಗೆ ‘ನಗರಕ್ಕಾಗಿ ನಿದ್ದೆಗೆಟ್ಟವರು’ ಅಂತ ಹಾಕಬಹುದಿತ್ತು. ಉದ್ದ ಆಯ್ತು ಅನ್ಸಿದ್ರೆ ‘ರಾತ್ರಿ ಪಾಳಿಯವರು’ ಅಂತ ಇದ್ದೇ ಇದೆ, ಪ್ರಾಸ ಇರಲ್ಲ ಅಷ್ಟೇ.

ಅವಳಿಗೆ ಇವತ್ತೂ ನೈಟೇ. ಬಸ್ ಸ್ಟಾಪಿನ ತನಕ ಬಿಟ್ಟು ಬರಬೇಕು, ಇಲ್ಲಿಗೆ ನಿಲ್ಲಿಸ್ತೀನಿ.

ಇಂತಿ,
ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು, ತುಮಕೂರು